ಲಾಯದ ಬಾಗಿಲು ಮುಚ್ಚಿದ ಮೇಲೆ

3 ಫೆಬ್ರವರಿ 1989

ಅಕ್ಕನಿಗೆ ನಮಸ್ಕಾರ.

ಕುಶಲೋಪರಿಗೆ ಸಮಯವಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಆರು ವರ್ಷದಿಂದ ಬರೆಯುತ್ತಿದ್ದ ನನ್ನ ಪುಸ್ತಕ ಮುಗಿಯುತ್ತ ಬಂದಿದೆ. ಅದು ಒಬ್ಬ ನಿರ್ದೇಶಕನ ಶೈಲಿಯ ಅಧ್ಯಯನ. ಯಾರವನು ಎಂದು ಕೇಳಬೇಡ, ಹೆಸರು ಹೇಳಿದರೂ ನಿನಗೆ ಗೊತ್ತಾಗುವುದಿಲ್ಲ. ನೀನು ಟಾಕೀಸಿನ ಕ್ಯಾಬಿನ್ನಿನಲ್ಲಿ ಮೆಷಿನ್ ನಡೆಸಲು ಶುರು ಮಾಡಿದ ಕಾಲದಲ್ಲಿ ಒಂದು ಕುದುರೆ ಸವಾರರ ಚಿತ್ರ ಬಂದಿತ್ತು. ನಾನು ಕಾಲೇಜು ತಪ್ಪಿಸಿ ಹದಿನೇಳು ಸಲ ನೋಡಿದೆ. ಅದನ್ನು ಮಾಡಿದವನು ಇವನೇ.

ಮರೆತಿದ್ದರೆ ನೆನಪಿಸುತ್ತೇನೆ. ಧೂಳು ತುಂಬಿದ ಊರು. ಊರು ಕಾಯುವ ವಯಸ್ಸಾದ ಶೆರಿಫ್. ಕುದುರೆ ಕದ್ದ ಒಬ್ಬ ತರುಣ ಬಂದೂಕು ಹಿಡಿದು ಲಾಯದಲ್ಲಿ ಅಡಗಿದ್ದಾನೆ. ಶೆರಿಫ್ ಒಬ್ಬನೇ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಮರುಕ್ಷಣವೇ ಹೊರಗೆ ಬಂದು ತೊಟ್ಟಿಯಲ್ಲಿ ಕೈ ತೊಳೆಯುತ್ತಾನೆ. ಕಳ್ಳ ಸತ್ತಿದ್ದಾನೆ. ಊರವರು ಶೆರಿಫನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಒಳಗೆ ಏನಾಯಿತೆಂದು ನಮಗೆ ತೋರಿಸುವುದೇ ಇಲ್ಲ. ಒಂದು ಗುಂಡಿನ ಸದ್ದೂ ಇಲ್ಲ! ಆ ಮೌನಕ್ಕೆ ನಾನು ‘ಕೇಳಿಸದ ಗುಂಡು’ ಎಂದು ಹೆಸರಿಟ್ಟಿದ್ದೇನೆ. ಇಡೀ ಪುಸ್ತಕದ ಬೆನ್ನೆಲುಬು ಆ ಅಧ್ಯಾಯವೇ. ಹೊರದೇಶದ ಇಬ್ಬರು ವಿಮರ್ಶಕರು ಅಲ್ಲಿ ಗುಂಡು ಹಾರುತ್ತದೆ ಎಂದೇ ಬರೆದುಬಿಟ್ಟಿದ್ದಾರೆ. ಪಾಪ, ಇಲ್ಲದ ಸದ್ದನ್ನು ಅವರು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಾರೆ. ನಿರ್ದೇಶಕನ ಗೆಲುವಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ವಿಭಾಗದ ಮುಖ್ಯಸ್ಥರ ಕುರ್ಚಿ ಈ ವರ್ಷ ಖಾಲಿಯಾಗುತ್ತದೆ. ಈ ಪುಸ್ತಕ ಗೆದ್ದರೆ ಆ ಕುರ್ಚಿ ನನ್ನದು.

ನಿನ್ನಿಂದ ಒಂದು ಪುಟ ಬೇಕು. ಸಾಮಾನ್ಯ ಪ್ರೇಕ್ಷಕರು ಆ ದೃಶ್ಯ ಬಂದಾಗ ಹೇಗೆ ಸ್ತಬ್ಧರಾಗಿ ಕೂರುತ್ತಿದ್ದರು ಎಂಬ ನೆನಪು ಅಷ್ಟೆ. ವಿಮರ್ಶೆಗೆ ಕೈ ಹಾಕಬೇಡ. ವಾಕ್ಯ ನಾನು ತಿದ್ದಿಕೊಳ್ಳುತ್ತೇನೆ.

ನಿನ್ನ ತಮ್ಮ

19 ಫೆಬ್ರವರಿ 1989

ದೊರೆಗೆ,

ಅಪ್ಪ ನಿನಗಿಟ್ಟ ಅಡ್ಡಹೆಸರನ್ನೇ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡ. ನಾಲ್ಕು ವರ್ಷ ಆದ ಮೇಲೆ ಕಾಗದ ಬರೆದು, ಅದರಲ್ಲೂ ‘ಕುಶಲೋಪರಿಗೆ ಸಮಯವಿಲ್ಲ’ ಅಂದವನಿಗೆ ಬೇರೆ ಯಾವ ಹೆಸರು ಒಪ್ಪುತ್ತೆ ಹೇಳು?

ನಾನು ಚೆನ್ನಾಗಿದ್ದೇನೆ. ಮಂಡಿ ನೋವು. ಕ್ಯಾಬಿನ್ನಿಗೆ ಇಪ್ಪತ್ತೆರಡು ಮೆಟ್ಟಿಲು, ಎಣಿಸಿಕೊಂಡೇ ಹತ್ತುತ್ತೇನೆ. ಹಳೆಯ ಮಾಲೀಕರು ಹೋದ ಮೇಲೆ ಅವರ ಮಗ ಟಾಕೀಸು ನೋಡಿಕೊಳ್ಳುತ್ತಾನೆ. ಮೆಷಿನ್ ಅದೇ, ಆಪರೇಟರ್ ಅದೇ.

ನಿನ್ನ ಸಿನಿಮಾ ಮರೆತಿಲ್ಲ. ಅದರ ಪ್ರಿಂಟು ಇನ್ನೂ ನಮ್ಮ ಹತ್ತಿರವೇ ಇದೆ. ಹಂಚಿಕೆದಾರರು ಅಂಗಡಿ ಮುಚ್ಚಿಕೊಂಡು ಹೋದರು, ಡಬ್ಬಗಳು ಇಲ್ಲೇ ಉಳಿದವು. ಆಮೇಲೆ ನಿಮ್ಮ ಫಿಲ್ಮ್ ಕ್ಲಬ್ಬಿನವರು ತರಿಸಿಕೊಂಡು ನೋಡಿ ತಲೆದೂಗಿದ್ದೂ ಇದೇ ಪ್ರಿಂಟಿಗೇ. ನೀನು ಹದಿನೇಳು ಸಲ ನೋಡಿದೆ, ಸಂತೋಷ. ನಾನು ಗೋಡೆಯ ಕಿಂಡಿಯಿಂದ ಇನ್ನೂರು ಸಲವಾದರೂ ನೋಡಿದ್ದೇನೆ. ವಿಮರ್ಶೆ ಬೇಡ ಅಂದೆ. ಆದರೂ ನಾಲ್ಕು ಮಾತು ಹೇಳಿಯೇ ಹೇಳುತ್ತೇನೆ, ಬೇಡವಾದರೆ ಕಣ್ಣು ಮುಚ್ಚಿಕೋ.

ಬೇರೆಯವರ ಸಿನಿಮಾದಲ್ಲಿ ಕುದುರೆ ಬರೀ ಓಡುತ್ತವೆ. ಈ ಪುಣ್ಯಾತ್ಮನ ಸಿನಿಮಾದಲ್ಲಿ ಕುದುರೆ ಬೆವರುತ್ತವೆ, ನೀರು ಕುಡಿಯುತ್ತವೆ, ಕಾಲು ಬದಲಿಸಿ ನಿಲ್ಲುತ್ತವೆ. ಅವನ ಕ್ಯಾಮೆರಾ ಸ್ಟೂಲಿನ ಮೇಲೆ ಕೂತ ಮನುಷ್ಯನ ಹಾಗೆ ಕೆಳಗೆ ಕೂತಿರುತ್ತೆ, ಯಾರ ಹಿಂದೆಯೂ ಓಡಲ್ಲ. ಯಾರಾದರೂ ಕೆಲಸ ಶುರು ಮಾಡಿದರೆ ಮುಗಿಯುವ ತನಕ ಅಲ್ಲೇ ಕಾಯುತ್ತಾನೆ. ಕಮ್ಮಾರ ಲಾಳ ಹೊಡೆಯುವಾಗ ಏಳು ಮೊಳೆಗೆ ಏಳೂ ಮೊಳೆ ಹೊಡೆಸುತ್ತಾನೆ. ಬೇರೆ ಯಾವನಾದರೂ ಎರಡಕ್ಕೇ ಮುಗಿಸಿ ನಾಯಕಿಯ ಮುಖಕ್ಕೆ ಹಾರುತ್ತಿದ್ದ. ಒಬ್ಬಳು ಬಟ್ಟೆ ಹಿಂಡಿದರೆ ಕೊನೆಯ ಹನಿ ಬೀಳುವವರೆಗೂ ಬಿಡಲ್ಲ. ಇದೇ ಅವನ ಶೈಲಿ ಅಂತ ನನಗನ್ನಿಸುತ್ತೆ. ಯಾವುದನ್ನೂ ಅರ್ಧಕ್ಕೆ ಬಿಡದ ಮನುಷ್ಯ.

ಹಾಗಿರುವವನು ಲಾಯದ ಹತ್ತಿರ ಮಾತ್ರ ಯಾಕೆ ಬಾಗಿಲು ಮುಚ್ಚಿ ಹೊರಟುಬಿಡುತ್ತಾನೆ? ನಿನ್ನ ‘ಕೇಳಿಸದ ಗುಂಡು’ ಅಚ್ಚಿಗೆ ಹೋಗುವ ಮೊದಲು ಇದನ್ನೊಂದು ಯೋಚಿಸು. ಎಲ್ಲಾದರೂ ಬೇರೆ ಪ್ರಿಂಟು ಸಿಕ್ಕಿದರೆ ನೋಡಿ ಬರೆ.

ಅಕ್ಕ

2 ಮಾರ್ಚ್ 1989

ಅಕ್ಕ,

ಕೇಳಿದ್ದು ಒಂದು, ಬಂದದ್ದು ಇನ್ನೊಂದು. ಪ್ರೇಕ್ಷಕರ ಬಗ್ಗೆ ಒಂದು ಸಾಲೂ ಇಲ್ಲ, ಲಾಳ, ಮೊಳೆ, ಒದ್ದೆ ಬಟ್ಟೆ! ನೀನು ಹೇಳುವುದಕ್ಕೆ ನಮ್ಮಲ್ಲಿ ‘ವಿವರ’ ಎನ್ನುತ್ತಾರೆ, ‘ಶೈಲಿ’ ಎನ್ನುವುದಿಲ್ಲ. ಶೈಲಿ ಇರುವುದು ಕಲಾವಿದ ಏನನ್ನು ಬಿಟ್ಟ ಎಂಬುದರಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು, ಹಾಗಾಗಿ ನಿನ್ನ ಮೇಲೆ ಕೋಪವಿಲ್ಲ. ಮೆಷಿನ್ ನಡೆಸುವವರು ಮೆಷಿನ್ ನೋಡುತ್ತಾರೆ. ಅಪ್ಪನೂ ಅಷ್ಟೇ, ಮೂವತ್ತು ವರ್ಷ ಸಿನಿಮಾ ತೋರಿಸಿದರು, ಒಂದನ್ನೂ ನೋಡಲಿಲ್ಲ.

ಬೇರೆ ಪ್ರಿಂಟಿನ ಬಗ್ಗೆ ನಿನಗೆ ಚಿಂತೆ ಬೇಡ. ಏಪ್ರಿಲ್ ಇಪ್ಪತ್ತೆರಡಕ್ಕೆ ಇಲ್ಲಿಯ ಚಿತ್ರೋತ್ಸವಕ್ಕೆ ಹೊರದೇಶದಿಂದ ಹೊಸ ಪ್ರಿಂಟು ಬರುತ್ತಿದೆ. ಪ್ರದರ್ಶನಕ್ಕೆ ಮುಂಚೆ ಅರ್ಧ ಗಂಟೆ ನನ್ನ ಭಾಷಣ, ವಿಷಯ ‘ಕೇಳಿಸದ ಗುಂಡು’. ಆಯ್ಕೆ ಸಮಿತಿಯವರೆಲ್ಲ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಮೊದಲೇ ನೋಡುವ ಅಗತ್ಯ ನನಗಿಲ್ಲ. ಆ ಚಿತ್ರದ ಪ್ರತಿಯೊಂದು ಶಾಟೂ ನನಗೆ ಬಾಯಿಪಾಠ.

ನಿನ್ನ ಪುಟವನ್ನು ನಾನೇ ಬರೆದುಕೊಂಡಿದ್ದೇನೆ. ‘ಆ ಕ್ಷಣದಲ್ಲಿ ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು ಎಂದು ಅಲ್ಲಿಯ ಹಳೆಯ ಸಿಬ್ಬಂದಿಯೊಬ್ಬರು ಸ್ಮರಿಸುತ್ತಾರೆ’ ಎಂದಿದೆ. ಆಕ್ಷೇಪವಿಲ್ಲ ತಾನೆ?

ತಮ್ಮ

9 ಮಾರ್ಚ್ 1989

ದೊರೆ,

ಆಕ್ಷೇಪ ಇದೆ. ಸೂಜಿಯಲ್ಲ, ಅಲ್ಲಿ ಬಿದ್ದದ್ದು ಚಪ್ಪಲಿ.

ಸುತ್ತಿ ಬಳಸಿ ಹೇಳಿದರೆ ನಿನ್ನ ತಲೆಗೆ ಹೋಗಲ್ಲ ಅಂತ ಗೊತ್ತಾಯಿತು, ಬಿಡಿಸಿ ಹೇಳುತ್ತೇನೆ. ಆ ಲಾಯದ ದೃಶ್ಯವನ್ನು ಕತ್ತರಿಸಿದವಳು ನಾನು.

ಮೊದಲ ದಿನದ ಮೊದಲ ಆಟ. ಶೆರಿಫ್ ಲಾಯದೊಳಗೆ ಹೋದ. ಆ ರೀಲು ಮುಗಿಯುತ್ತ ಬಂದಿತ್ತು, ನಾನು ಎರಡನೇ ಮೆಷಿನ್ನಿಗೆ ಮುಂದಿನ ರೀಲು ಪೋಣಿಸುತ್ತಿದ್ದೆ. ಆ ಹೊತ್ತಿನಲ್ಲಿ ಆಪರೇಟರ್ ಆದವನು ಕಥೆ ನೋಡಲ್ಲ. ಪರದೆಯ ಮೂಲೆಯಲ್ಲಿ ಬರುವ ಚುಕ್ಕೆ ನೋಡಿ ಮೆಷಿನ್ ಬದಲಾಯಿಸಬೇಕು, ಜೀವವೆಲ್ಲ ಅದರ ಮೇಲೇ ಇರುತ್ತೆ. ಕೆಳಗಿಂದ ಗಲಾಟೆ ಕೇಳಿತು. ಕಿಂಡಿಯಲ್ಲಿ ಒಂದು ಸಲ ಇಣುಕಿದೆ. ಶೆರಿಫ್ ಹುಲ್ಲಿನ ಮೇಲೆ ಮಂಡಿಯೂರಿ ಅಳುತ್ತ ತೆವಳುತ್ತಿದ್ದ, ಜನ ಪರದೆಗೆ ಚಪ್ಪಲಿ ತೂರುತ್ತಿದ್ದರು. ಹಳೆಯ ಮಾಲೀಕರು ಏದುಸಿರು ಬಿಡುತ್ತ ಮೇಲೆ ಬಂದರು. “ಹೀರೋ ಅಂಬೆಗಾಲಿಡ್ತಾನೆ ಅಂದ್ರೆ ಯಾರಮ್ಮ ನೋಡ್ತಾರೆ? ಬಾಗಿಲು ಮುಚ್ಚಿದಲ್ಲಿಂದ ಹೊರಗೆ ಬರೋ ತನಕ ತೆಗೆದುಹಾಕು” ಅಂದರು. ನನಗೂ ಅವನನ್ನು ನೋಡಿ ಅಸಹ್ಯವಾಗಿತ್ತು. ಇಷ್ಟುದ್ದ ಮೀಸೆ ಬಿಟ್ಟುಕೊಂಡು ಅಳುತ್ತಾನಲ್ಲ ಅಂತ. ಕತ್ತರಿಸಿದೆ, ಫಿಲ್ಮ್ ಸಿಮೆಂಟಿನ ಅಂಟು ಹಚ್ಚಿ ಎರಡು ತುದಿ ಸೇರಿಸಿದೆ. ಅಂಟು ಕಾಣದ ಹಾಗೆ ಜೋಡಿಸುವುದನ್ನು ಅಪ್ಪ ಕಲಿಸಿದ್ದರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. ಪ್ರಿಂಟು ವಾಪಸ್ ಹೋಗುವಾಗ ತುಂಡನ್ನು ಮತ್ತೆ ಸೇರಿಸಿ ಕಳಿಸುವುದು ನಮ್ಮ ಪದ್ಧತಿ. ಪ್ರಿಂಟು ವಾಪಸ್ ಹೋಗಲೇ ಇಲ್ಲ.

ನೀನು ಬಂದದ್ದು ಎರಡನೇ ದಿನದಿಂದ. ಅಮ್ಮನ ಆಣೆಗೂ ಇದು ನಿಜ. ಇಷ್ಟು ವರ್ಷ ಹೇಳಲಿಲ್ಲ. ನೀನು ಆ ದೃಶ್ಯದ ಮೇಲೆ ಮೊದಲ ಲೇಖನ ಬರೆದು ಬಹುಮಾನ ತಗೊಂಡಾಗ ಅಪ್ಪ ಅದನ್ನು ಟಾಕೀಸಿನಲ್ಲೆಲ್ಲ ತೋರಿಸಿಕೊಂಡು ಓಡಾಡಿದರು. ಹೇಳೋಕೆ ಬಾಯಿ ಬರಲಿಲ್ಲ.

ಭಾಷಣದ ವಿಷಯ ಬದಲಾಯಿಸು. ಇನ್ನೂ ಆರು ವಾರ ಇದೆ. ತುಂಡು ನನ್ನ ಹತ್ತಿರ ಡಬ್ಬದಲ್ಲಿದೆ, ಬೇಕಾದರೆ ಬಂದು ನೋಡು.

ಅಕ್ಕ

18 ಮಾರ್ಚ್ 1989

ಅಕ್ಕ,

ನಿನ್ನ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಬೇಸರವಾಯಿತು.

ಜಗತ್ತಿನ ಒಬ್ಬ ಮಹಾನ್ ನಿರ್ದೇಶಕನ ಅತ್ಯುತ್ತಮ ಕ್ಷಣ ನಿನ್ನ ಕತ್ತರಿಯಿಂದ ಹುಟ್ಟಿತು ಎಂದು ನಾನು ನಂಬಬೇಕೆ? ನೀನೇ ಯೋಚಿಸು. ಬಾಗಿಲು ಮುಚ್ಚುವುದು, ಮೌನ, ನೀರಿನ ಸದ್ದು. ಆ ಲಯವನ್ನು ಒಬ್ಬ ಮೇಧಾವಿ ತಿಂಗಳುಗಟ್ಟಲೆ ಕೂತು ಕೂಡಿಸಿರುತ್ತಾನೆ. ಅದು ಮಾಲೀಕರ ಗದರಿಕೆಗೆ ಹತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ಬಹುಶಃ ನೀನು ಬೇರೆ ಯಾವುದೋ ಚಿತ್ರದ ಜೊತೆ ಗೊಂದಲ ಮಾಡಿಕೊಂಡಿದ್ದೀಯ. ವಯಸ್ಸು ಐವತ್ತು ದಾಟಿತಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಓದಿ ಮುಂದೆ ಬಂದವನು ನಾನೊಬ್ಬನೇ ಎನ್ನುವುದು ನಿನ್ನನ್ನು ಯಾವತ್ತೂ ಕೊರೆಯುತ್ತಿತ್ತು, ನನಗೆ ಗೊತ್ತು. ಆದರೆ ಅದಕ್ಕಾಗಿ ಇಷ್ಟು ಕೆಳಗೆ ಇಳಿಯಬೇಕಿರಲಿಲ್ಲ. ಈ ಕಥೆಯನ್ನು ದಯವಿಟ್ಟು ಬೇರೆಯವರ ಮುಂದೆ ಹೇಳಿ ನಗೆಪಾಟಲಾಗಬೇಡ. ಡಬ್ಬ ನಿನ್ನ ಹತ್ತಿರವೇ ಇರಲಿ.

ತಮ್ಮ

4 ಏಪ್ರಿಲ್ 1989

ದೊರೆ,

ಹೊಟ್ಟೆಕಿಚ್ಚು ಅಂದೆಯಲ್ಲ, ಇರಲಿ. ಹೊಟ್ಟೆಕಿಚ್ಚಿನವಳು ಬಾಯಿ ಮುಚ್ಚಿಕೊಂಡು ಕೂತು, ನೀನು ಸಭೆಯಲ್ಲಿ ಮುಗ್ಗರಿಸುವುದನ್ನು ನೋಡುತ್ತಿದ್ದಳು. ಅಷ್ಟು ಓದಿದವನಿಗೆ ಇಷ್ಟು ತಿಳಿಯಲಿಲ್ಲವೆ?

ಆ ತುಂಡಿನಿಂದ ಒಂದು ಗೇಣು ಕತ್ತರಿಸಿ ಇದರ ಜೊತೆ ಕಳಿಸಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡು. ಮಂಡಿಯೂರಿದವನು ನಿನ್ನ ಶೆರಿಫ್ ಹೌದೋ ಅಲ್ಲವೋ, ಹಿಂದೆ ಇರುವುದು ಲಾಯ ಹೌದೋ ಅಲ್ಲವೋ, ನಿನ್ನ ಕಣ್ಣೇ ಹೇಳಲಿ. ನನ್ನನ್ನು ನಂಬಬೇಡ.

ಅಕ್ಕ

10 ಜೂನ್ 1989

ಅಕ್ಕ,

ಬರೆಯುವುದು ತಡವಾಯಿತು. ಏನಾಯಿತೆಂದು ನಿನಗೆ ಈಗಾಗಲೇ ಯಾರಾದರೂ ಹೇಳಿರುತ್ತಾರೆ.

ನೀನು ಕಳಿಸಿದ ಲಕೋಟೆಯನ್ನು ಆಗ ನಾನು ಒಡೆದಿರಲಿಲ್ಲ. ಭಾಷಣ ಚೆನ್ನಾಗಿಯೇ ಆಯಿತು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಚಿತ್ರ. ಬಾಗಿಲು ಮುಚ್ಚಿತು, ಆದರೆ ಕ್ಯಾಮೆರಾ ಒಳಗೇ ಇತ್ತು. ಆ ಮುದುಕ ಗಡಗಡ ನಡುಗುತ್ತ ಬಂದೂಕಿಗೆ ತುಂಬಬೇಕಾದ ಗುಂಡುಗಳನ್ನು ಹುಲ್ಲಿಗೆ ಬೀಳಿಸಿ, ಮೊಣಕಾಲೂರಿ ಹುಡುಕತೊಡಗಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿ ನನ್ನ ಮುಖ ನೋಡಿದರು. ನಾನು ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತಿದ್ದಾಗ ಒಳಗಿಂದ ಗುಂಡಿನ ಸದ್ದು ಕೇಳಿಸಿತು. ಅದಾದ ಮೇಲೆ ಒಳಗೆ ಹೋಗಲಿಲ್ಲ.

ಒಂದಂತೂ ಸ್ಪಷ್ಟವಾಯಿತು. ಅವನು ಮೂರನೇ ದರ್ಜೆಯ ನಿರ್ದೇಶಕ. ಹುಲ್ಲಿನಲ್ಲಿ ತಡಕಾಡುವ ನಾಯಕ! ಬಯಲಾಟದ ಕೋಡಂಗಿಯೂ ಇಷ್ಟು ಅಗ್ಗಕ್ಕೆ ಇಳಿಯುವುದಿಲ್ಲ. ಇಂಥವನ ಮೇಲೆ ಆರು ವರ್ಷ ಹಾಳು ಮಾಡಿದೆನಲ್ಲ ಎಂದು ನಾಚಿಕೆಯಾಗುತ್ತದೆ. ಪುಸ್ತಕ ಹಿಂದಕ್ಕೆ ಪಡೆದಿದ್ದೇನೆ.

ಆದರೆ ಕುರ್ಚಿಯ ತೀರ್ಮಾನ ಇನ್ನೂ ಆಗಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಒಂದು ಸ್ಪಷ್ಟನೆ ಕೊಡಬೇಕಾಯಿತು. ಸಣ್ಣ ಊರಿನ ಟಾಕೀಸೊಂದರ ಆಪರೇಟರ್ ಕತ್ತರಿಸಿದ ಪ್ರಿಂಟಿನಿಂದ ಒಂದಿಡೀ ಪೀಳಿಗೆಯ ವಿಮರ್ಶಕರು ಮೋಸಹೋದರು, ನನಗೂ ಇದು ಉತ್ಸವದ ದಿನವೇ ತಿಳಿಯಿತು ಎಂದು ಬರೆದಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಟಾಕೀಸಿನದು ಮಾತ್ರ. ಅರ್ಥ ಮಾಡಿಕೊಳ್ಳುತ್ತೀಯ ಎಂದು ನಂಬಿದ್ದೇನೆ.

ತಮ್ಮ

27 ಜೂನ್ 1989

ದೊರೆ,

ಅರ್ಥ ಮಾಡಿಕೊಂಡೆ. ಟಾಕೀಸಿನ ಹೆಸರು ಹಾಕಿ ನನ್ನ ಹೆಸರು ಬಿಟ್ಟೆಯಲ್ಲ, ಎಂಥಾ ಉಪಕಾರ! ಇಲ್ಲಿ ಮೂವತ್ತು ವರ್ಷದಿಂದ ಆಪರೇಟರ್ ಇರುವುದು ಒಬ್ಬಳೇ. ಊರಿನ ನಾಯಿಗೂ ಗೊತ್ತಾಯಿತು.

ಮಾಲೀಕರ ಮಗ ಪತ್ರಿಕೆ ಹಿಡಿದುಕೊಂಡು ಮೇಲೆ ಬಂದ. ಹೇಳಿದವರು ಅವನ ಅಪ್ಪನೇ ಅಂದೆ. “ತೀರಿಹೋದವರ ಮೇಲೆ ಹಾಕ್ಬೇಡಿ, ಮರ್ಯಾದೆ ಹೋಗುತ್ತೆ, ಕೀಲಿ ಕೊಟ್ಬಿಡಿ” ಅಂದ. ತಿಂಗಳ ಕೊನೆಗೆ ಕೊಡುತ್ತೇನೆ ಅಂದೆ. ಹಾಗಾಗಿ ಇನ್ನು ಮೂರು ದಿನ ಕ್ಯಾಬಿನ್ ನನ್ನದು. ನನಗೆ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಿನಗೆ ಓದೋಕೆ ಮುಜುಗರ ಆಗಲಿ.

ಕೀಲಿ ಕೊಡುವ ಮೊದಲು ಒಂದು ಕೆಲಸ ಮಾಡಿದೆ. ನಿನ್ನೆ ಬೆಳಿಗ್ಗೆ, ಆಟ ಇಲ್ಲದ ಹೊತ್ತಿನಲ್ಲಿ, ಆ ತುಂಡನ್ನು ಅದರ ಜಾಗಕ್ಕೆ ಸೇರಿಸಿದೆ. ನಿನಗೆ ಕಳಿಸಿದ ಒಂದು ಗೇಣು ಇಲ್ಲ, ಅದು ನಿನ್ನ ಮೇಜಿನ ಮೇಲೇ ಇರಬೇಕು. ಗೇಟಿನಲ್ಲಿ ಟಿಕೆಟ್ ಹರಿಯುವವನು ನನ್ನ ಹತ್ತಿರವೇ ಕೆಲಸ ಕಲಿತವನು, ಅವನನ್ನು ಮೆಷಿನ್ನಿನ ಹತ್ತಿರ ಕೂರಿಸಿದೆ. ಕೆಳಗೆ ಇಳಿದು ಖಾಲಿ ಹಾಲಿನ ನಡುವೆ ಕುರ್ಚಿಯಲ್ಲಿ ಕೂತೆ. ಮೂವತ್ತು ವರ್ಷದಲ್ಲಿ ಆ ಸಿನಿಮಾವನ್ನು ಕಿಂಡಿಯಿಲ್ಲದೆ ನೋಡಿದ್ದು ಅದೇ ಮೊದಲು.

ಲಾಯದೊಳಗೆ ಏನಾಗುತ್ತೆ ಅಂತ ನಾನೂ ನೋಡಿರಲಿಲ್ಲ, ಮೆಟ್ಟಿಲ ಮೇಲೆ ನಿಂತಿದ್ದ ನೀನೂ ನೋಡಲಿಲ್ಲ. ಕೇಳು.

ಮುದುಕನ ಕೈ ನಡುಗಿ ಆರು ಗುಂಡು ಹುಲ್ಲಿಗೆ ಬೀಳುತ್ತವೆ. ಆ ಕಳ್ಳ ಅಟ್ಟದ ಮೇಲಿಂದ ನೋಡುತ್ತಿರುತ್ತಾನೆ. ಬೇಕಿದ್ದರೆ ಅಲ್ಲೇ ಹೊಡೆದುಹಾಕಬಹುದಿತ್ತು. ಅವನು ಹೊಡೆಯಲ್ಲ. ಮುದುಕ ತಡಕಾಡುತ್ತಾನೆ, ಒಂದು ಸಿಗುತ್ತೆ, ಎರಡು, ಮೂರು, ನಾಲ್ಕು. ಕ್ಯಾಮೆರಾ ಹುಲ್ಲಿನ ಎತ್ತರಕ್ಕೆ ಕೂತಿದೆ, ಅಲುಗಾಡಲ್ಲ. ಲಾಳದ ಏಳು ಮೊಳೆ ತೋರಿಸಿದವನು ಇಲ್ಲೂ ಒಂದೊಂದನ್ನೂ ಎಣಿಸಿ ತೋರಿಸುತ್ತಾನೆ. ಮುದುಕ ಬಿಕ್ಕುತ್ತ ಉಳಿದೆರಡಕ್ಕೆ ಹುಡುಕುವಾಗ ಕಳ್ಳ ಕೆಳಗೆ ಇಳಿದು ಬಂದು, ತನ್ನ ಬಂದೂಕನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹುಡುಕಿಕೊಡುತ್ತಾನೆ. ಸಿಕ್ಕ ಎರಡು ಗುಂಡಿಗೆ ಅಂಟಿದ ಹುಲ್ಲನ್ನು ಊದಿ ಮುದುಕನ ಅಂಗೈಯಲ್ಲಿಡುತ್ತಾನೆ. “ಮನೆಗೆ ಹೋಗಜ್ಜ” ಅನ್ನುವ ಹಾಗೆ ಏನೋ ಹೇಳುತ್ತಾನೆ. ಮುದುಕ ಗುಂಡು ತುಂಬಿಕೊಂಡು ಅವನನ್ನೇ ಹೊಡೆಯುತ್ತಾನೆ.

ಇಷ್ಟೂ ಒಂದೇ ಶಾಟು. ನಾನು ತೆಗೆದ ಆ ಗೇಣು ಬಿಟ್ಟರೆ, ಅವನು ನಡುವೆ ಎಲ್ಲೂ ಕಡಿದಿಲ್ಲ. ನೀನು ಮೂರನೇ ದರ್ಜೆ ಅಂದ ಮನುಷ್ಯ, ನೋಡುವವರು ಕಣ್ಣು ತಪ್ಪಿಸಲು ಒಂದು ಕ್ಷಣವನ್ನೂ ಬಿಟ್ಟುಕೊಟ್ಟಿಲ್ಲ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆಮೇಲೆ ಊರವರು ಅವನನ್ನು ಹೊತ್ತು ಮೆರೆಸುವಾಗ ಇನ್ನೂರು ಸಲ ನೋಡಿದ ಆ ಮುಖ ನನಗೆ ಮೊದಲ ಸಲ ಕಾಣಿಸಿತು. ಅದು ಗೆದ್ದವನ ಮುಖ ಅಲ್ಲ.

ಮೂವತ್ತು ವರ್ಷ ನಾನು ಕತ್ತರಿಸಿ, ನೀನು ಹೊಗಳಿ, ಇಬ್ಬರೂ ಸೇರಿ ಒಬ್ಬ ಕೊಲೆಗಾರನನ್ನು ಬಚ್ಚಿಟ್ಟೆವು. ಅಳುವ ಗಂಡಸನ್ನು ಕಂಡು ನಾನು ಮೂಗು ಮುರಿದೆ. ಇನ್ನೊಂದು ಕ್ಷಣ ನೋಡಿದ್ದರೆ ಕತ್ತರಿ ಎತ್ತುತ್ತಿರಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಪತ್ರಿಕೆಯ ಸಂಪಾದಕರು ನನ್ನ ಉತ್ತರ ಕೇಳಿ ಬರೆದಿದ್ದರು. ಅವರಿಗೂ ಇದನ್ನೇ ಬರೆದೆ: ಕತ್ತರಿಸಿದವಳು ನಾನೇ, ಪ್ರಾಧ್ಯಾಪಕರು ಬರೆದದ್ದರಲ್ಲಿ ಅಷ್ಟು ನಿಜ.

ಮಾರ್ಚ್ ಒಂಬತ್ತಕ್ಕೆ ನಾನು ನಿನಗೆ ಎಲ್ಲವನ್ನೂ ತಿಳಿಸಿದ್ದೆ, ನೀನು ಹದಿನೆಂಟಕ್ಕೆ ಉತ್ತರವನ್ನೂ ಬರೆದಿದ್ದೆ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ನೀನು ಬೀಳಬಾರದು ಅಂತ ನಾನು ಬಗ್ಗಿ ಕೈ ಕೊಟ್ಟೆ ಕಣೋ. ನೀನು ಗುರಿ ನೋಡಿಕೊಂಡೆ.

ಅಕ್ಕ

5 ಜುಲೈ 1989

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರ ತಲುಪಿತು. ಆರೋಗ್ಯ ನೋಡಿಕೋ. ಮಂಡಿ ನೋವಿಗೆ ಇಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಬೇಕಾದರೆ ವಿಚಾರಿಸುತ್ತೇನೆ. ನಿನ್ನ ಕೆಲಸದ ವಿಷಯ ಕೇಳಿ ಬೇಸರವಾಯಿತು. ಮಾಲೀಕರ ಮಗ ಅಷ್ಟು ಆತುರ ಪಡಬಾರದಿತ್ತು.

ಆಯ್ಕೆ ಸಮಿತಿ ಈ ತಿಂಗಳ ಇಪ್ಪತ್ತಕ್ಕೆ ಸೇರುತ್ತದೆ. ಅಲ್ಲಿಯವರೆಗೆ ಎಲ್ಲವೂ ಶಾಂತವಾಗಿದ್ದರೆ ಒಳ್ಳೆಯದು.

ಒಂದು ಸಣ್ಣ ವಿಷಯ. ಮಾರ್ಚ್ ಹದಿನೆಂಟರ ನನ್ನ ಪತ್ರ ನಿನ್ನ ಹತ್ತಿರ ಇದ್ದರೆ ದಯವಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸು. ನನ್ನ ಪತ್ರಗಳನ್ನೆಲ್ಲ ಒಂದೆಡೆ ಕೂಡಿಸಿಡುತ್ತಿದ್ದೇನೆ, ಅದಕ್ಕೆ.

ನಿನ್ನ ಪ್ರೀತಿಯ ತಮ್ಮ

11 ಜುಲೈ 1989

ದೊರೆ,

ಇದರ ಜೊತೆ ನಿನ್ನ ಪತ್ರ ಇಟ್ಟಿದ್ದೇನೆ. ಪುಟ ಎರಡು, ಸಹಿ ನಿನ್ನದೇ, ಸರಿಯಾಗಿ ನೋಡಿಕೋ. ನಕಲು ಮಾಡಿಸಿಟ್ಟುಕೊಂಡಿಲ್ಲ. ಅಕ್ಕ ಅಷ್ಟು ಸುಲಭಕ್ಕೆ ಬಿಡ್ತಾಳಾ ಅಂತ ಅನುಮಾನ ಬಂದರೆ, ಅದು ನಿನ್ನ ತಲೆನೋವು, ನನ್ನದಲ್ಲ.

ಕುರ್ಚಿ ಸಿಗಲಿ. ಕೂತುಕೋ. ಮಂಡಿಗೆ ವೈದ್ಯರು ಬೇಡ, ಮೆಟ್ಟಿಲು ಹತ್ತುವುದು ನಿಂತಿತಲ್ಲ, ಅದೇ ಕಡಿಮೆಯಾಗಿದೆ.

ಉತ್ಸವದವರ ಹತ್ತಿರ ಹೊಸ ಪ್ರಿಂಟು ಇನ್ನೂ ಇರಬಹುದು. ಇನ್ನು ನಿನಗೆ ಯಾರ ಭಯವೂ ಇಲ್ಲ, ತಿರುಗಿ ಮುಖ ನೋಡುವವರೂ ಇಲ್ಲ. ಈಗಲಾದರೂ ಒಬ್ಬನೇ ಹೋಗಿ ಆ ಸಿನಿಮಾ ಪೂರ್ತಿ ನೋಡು.

ಅಕ್ಕ